ಬೆಂಚ್ ಕ್ಲರ್ಕ್ ಸೀಟಿಗೆ ಪಾಠ ಹೇಳುವವರು ಯಾರು?

ಕೋರ್ಟು ಕಚೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ನ್ಯಾಯಾಧೀಶರು ಮತ್ತು ಕೋರ್ಟ್ ಸಿಬ್ಬಂದಿಯ ತರಬೇತಿ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪತ್ರಗಳು ಬಂದಿವೆ. ನಾನು ಬೆರಳಚ್ಚುಗಾರ್ತಿಯಾಗಿ ಕೋರ್ಟಿಗೆ ಸೇರಿದವಳು. ಕೋರ್ಟ್ ಹಾಲ್‌ನಲ್ಲಿ ನ್ಯಾಯಾಧೀಶರ ಮುಂದೆ ಕೂತು ಕಡತ ನೋಡಿಕೊಳ್ಳುವ ಬೆಂಚ್ ಕ್ಲರ್ಕ್ ಆಗಿ, ಕಚೇರಿಯ ಮೇಲ್ವಿಚಾರಣೆ ಮಾಡುವ ಶಿರಸ್ತೇದಾರ್ ಆಗಿ, ಕೊನೆಗೆ ಜಿಲ್ಲಾ ನ್ಯಾಯಾಲಯದ ಮುಖ್ಯ ಆಡಳಿತಾಧಿಕಾರಿಯಾಗಿ ನಿವೃತ್ತಳಾದೆ. ಹೊಸ ಸಿಬ್ಬಂದಿಗೆ ಪಾಠ ಹೇಳಲು ಈಗಲೂ ಕರೆಯುತ್ತಾರೆ, ಖುಷಿಯಿಂದ ಹೋಗುತ್ತೇನೆ.

*ನಾನು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿ ಇನ್ನೂ ತಿಂಗಳು ತುಂಬಿಲ್ಲ. ಬೆಂಚ್ ಕ್ಲರ್ಕ್ ರಜೆ ಹಾಕಿದರು ಅಂತ ನನ್ನನ್ನು ಕೋರ್ಟ್ ಹಾಲ್‌ನಲ್ಲಿ ಕೂರಿಸಿದರು. 'ಡಾಕ್ಯುಮೆಂಟ್ ಮಾರ್ಕ್ ಮಾಡಿ' ಅಂದಾಗ ಕೈ ನಡುಗಿತು. ವಕೀಲರೆಲ್ಲ ನೋಡುತ್ತಿದ್ದರು. ನಮಗೆ ತರಬೇತಿ ಕೊಡುವುದೇ ಇಲ್ವಾ ಮೇಡಂ? – ಹೆಸರು, ಊರು ಬೇಡ*

ತರಬೇತಿ ಇದೆಯಮ್ಮ. ಬೆಂಗಳೂರಿನ ಕ್ರೆಸೆಂಟ್ ರಸ್ತೆಯಲ್ಲಿ ಕರ್ನಾಟಕ ನ್ಯಾಯಾಂಗ ಅಕಾಡೆಮಿ ಇದೆಯಲ್ಲ, ಅಲ್ಲಿ ಸಿಬ್ಬಂದಿಗೂ ತರಗತಿ ನಡೆಸುತ್ತಾರೆ. ಜಿಲ್ಲಾ ಕೇಂದ್ರಗಳಲ್ಲೂ ನಡೆಯುತ್ತವೆ. ತೊಂದರೆ ಇರುವುದು ಸಮಯದಲ್ಲಿ. ಸೀಟಿನಲ್ಲಿ ಕೂತು ಎಷ್ಟೋ ದಿನ ಆದಮೇಲೆ ತರಬೇತಿಯ ಆದೇಶ ಬರುತ್ತದೆ. ಅಷ್ಟರಲ್ಲಿ ಪಕ್ಕದವರು ಹೇಗೆ ಮಾಡುತ್ತಾರೋ ಹಾಗೆ ಮಾಡುವ ಅಭ್ಯಾಸ ಆಗಿಬಿಟ್ಟಿರುತ್ತದೆ, ಸರಿಯೋ ತಪ್ಪೋ.

ಮಾರ್ಕ್ ಮಾಡುವುದು, ಅಂದರೆ ಸಾಕ್ಷ್ಯದ ಕಾಗದಕ್ಕೆ ನಂಬರ್ ಕೊಟ್ಟು ಮೊಹರು ಹಾಕುವ ಕೆಲಸವನ್ನು ಇಲ್ಲಿಯೇ ಹೇಳಿಕೊಡುತ್ತೇನೆ. ಸಾಕ್ಷಿ ಕಟಕಟೆಯಲ್ಲಿ ನಿಂತು ಒಂದು ಕರಾರು ಪತ್ರವನ್ನು ಗುರುತಿಸಿದರು ಅಂದುಕೊಳ್ಳಿ. ಕಾಗದ ನಿಮ್ಮ ಕೈಗೆ ಬರುತ್ತದೆ. ಮೊಹರು ಒತ್ತುವ ಮೊದಲು ಎರಡು ವಿಷಯ ನೋಡಿ. ಅದು ಅಸಲೋ, ಜೆರಾಕ್ಸೋ? ಛಾಪಾ ಕಾಗದದ ಮೌಲ್ಯ ಸರಿ ಇದೆಯಾ? ಎರಡನೆಯದು ಬಹಳ ಮುಖ್ಯ. ಕರ್ನಾಟಕ ಸ್ಟಾಂಪ್ ಕಾಯ್ದೆ 1957ರ 34ನೇ ಕಲಂ ಪ್ರಕಾರ ಸರಿಯಾದ ಮುದ್ರಾಂಕ ಇಲ್ಲದ ಪತ್ರವನ್ನು ಬಾಕಿ ಶುಲ್ಕ, ದಂಡ ಕಟ್ಟಿಸಿಕೊಳ್ಳದೆ ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಒಮ್ಮೆ ತೆಗೆದುಕೊಂಡಿತೋ, 35ನೇ ಕಲಂ ಅಡ್ಡ ಬರುತ್ತದೆ. ಆಮೇಲೆ ಮುದ್ರಾಂಕ ಕಮ್ಮಿ ಇತ್ತು ಅಂತ ಅದೇ ಕೇಸಿನಲ್ಲಿ ತಕರಾರು ತೆಗೆಯಲು ಆಗುವುದಿಲ್ಲ. ಹಾಗಾಗಿ ಅನುಮಾನ ಬಂದರೆ ಮೊಹರು ಕೆಳಗಿಡಿ. ಎದ್ದು ನಿಂತು ನ್ಯಾಯಾಧೀಶ ಸಾಹೇಬರ ಗಮನಕ್ಕೆ ತನ್ನಿ. ತೀರ್ಮಾನ ಅವರದ್ದು. ಕಾಗದವನ್ನು ಅವರಿಗೆ ತೋರಿಸುವುದು ನಿಮ್ಮ ಕೆಲಸ.

ಅವರು 'ನಿ.ಪಿ.1' (ವಾದಿ ಕಡೆಯ ಒಂದನೇ ನಿಶಾನೆ) ಅಂತ ಹೇಳಿದ ಮೇಲೆ ಮೊಹರು ಹಾಕಿ. ಬರಹದ ಮೇಲೆ ಒತ್ತಬೇಡಿ, ಖಾಲಿ ಜಾಗ ಹುಡುಕಿ. ಕೇಸ್ ನಂಬರ್, ಪಕ್ಷಕಾರರ ಹೆಸರು, ಯಾರು ಹಾಜರುಪಡಿಸಿದರು, ಯಾವ ದಿನ, ಸಾಕ್ಷ್ಯವಾಗಿ ಸ್ವೀಕರಿಸಿದ್ದು – ಇಷ್ಟೂ ತುಂಬಿ ನ್ಯಾಯಾಧೀಶರ ಸಹಿಗೆ ಇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 4ನೇ ನಿಯಮ ಕೇಳುವುದು ಇದನ್ನೇ. ಪತ್ರದಲ್ಲಿರುವ ಸಹಿಯನ್ನು ಬೇರೆಯಾಗಿ ಗುರುತಿಸಿದರೆ ಅದಕ್ಕೆ ನಿ.ಪಿ.1(ಎ) ಅಂತ ಬರುತ್ತದೆ. ಇಷ್ಟೇ ಕೆಲಸ. ಆದರೆ ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಒಂದು ಸಲ ಮಾಡಿ ತೋರಿಸಬೇಕು. ಸುಮ್ನೆ ಪುಸ್ತಕ ಕೊಟ್ಟರೆ ಬರುವುದಿಲ್ಲ.

ಇನ್ನೊಂದು, ಕೇಸಿನ ಪ್ರತಿ ದಿನದ ಆದೇಶ ಬರೆಯುವ ಆರ್ಡರ್ ಶೀಟ್ ಮತ್ತು ಕಂಪ್ಯೂಟರ್. ಆರ್ಡರ್ ಶೀಟ್‌ನಲ್ಲಿ ಬರೆದ ಮುಂದಿನ ದಿನಾಂಕವೇ ಸಂಜೆ ಕೇಸಿನ ಮಾಹಿತಿ ಇಡುವ ಸಿಐಎಸ್ ತಂತ್ರಾಂಶದಲ್ಲೂ ಏರಬೇಕು, ದಿನದ ಕೇಸುಗಳ ಪುಸ್ತಕವಾದ ಎ ಡೈರಿಯಲ್ಲೂ ಇರಬೇಕು. ಜನ ಈಗ ಪ್ರತಿ ಕೇಸಿಗೂ ಇರುವ, ಅಕ್ಷರ ಮತ್ತು ಅಂಕಿ ಸೇರಿ 16 ಸ್ಥಾನಗಳ ಸಿಎನ್‌ಆರ್ ನಂಬರ್ ಹಾಕಿ ಫೋನಿನಲ್ಲೇ ದಿನಾಂಕ ನೋಡಿಕೊಳ್ಳುತ್ತಾರೆ. ಒಮ್ಮೆ ಒಬ್ಬ ವಯಸ್ಸಾದ ರೈತರು ಮೊಮ್ಮಗನ ಫೋನಿನಲ್ಲಿ ನೋಡಿಕೊಂಡು ಎರಡು ಬಸ್ ಬದಲಾಯಿಸಿ ಬಂದಿದ್ದರು. ಕೇಸು ಹಿಂದಿನ ದಿನವೇ ಕರೆದು ಆಗಿತ್ತು. ಕಂಪ್ಯೂಟರ್‌ನಲ್ಲಿ 16ರ ಬದಲು 17 ಬಿದ್ದಿತ್ತು. ಅವರು ಯಾರನ್ನೂ ಬೈಯಲಿಲ್ಲ, 'ಮತ್ತೆ ಯಾವಾಗ ಬರಲವ್ವಾ' ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅದಾದಮೇಲೆ ಸಂಜೆ ಐದಕ್ಕೆ ಆರ್ಡರ್ ಶೀಟ್ ಮತ್ತು ಪರದೆ ಎರಡನ್ನೂ ಇಬ್ಬರು ಸೇರಿ ಓದಿ ತಾಳೆ ನೋಡುವ ಪದ್ಧತಿ ಮಾಡಿಸಿದೆ. ಒಬ್ಬರು ಓದುವುದು, ಇನ್ನೊಬ್ಬರು ಟಿಕ್ ಹಾಕುವುದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ನಾಳೆಯಿಂದಲೇ ಶುರು ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಹೊಸಬರನ್ನು ಹದಿನೈದು ದಿನವಾದರೂ ಹಳೆಯ ಬೆಂಚ್ ಕ್ಲರ್ಕ್ ಪಕ್ಕ ಕುರ್ಚಿ ಹಾಕಿ ಕೂರಿಸಬೇಕು. ಸೀಟಿಗೊಂದು ನೋಟ್‌ಬುಕ್ ಇರಬೇಕು. ವರ್ಗವಾಗಿ ಹೋಗುವವರು ಆ ಸೀಟಿನ ಕೆಲಸವನ್ನು ಅದರಲ್ಲಿ ಬರೆದಿಟ್ಟು ಹೋಗಬೇಕು. ದೊಡ್ಡ ಖರ್ಚಿನ ವಿಷಯ ಅಲ್ಲವೇ ಅಲ್ಲ. 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ನ್ಯಾಯದಾನ ಸುಧಾರಣೆಗೆ 5,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ನ್ಯಾಯಾಧೀಶರ ತರಬೇತಿಗೆ 250 ಕೋಟಿ, ನ್ಯಾಯಾಂಗ ಅಕಾಡೆಮಿಗಳಿಗೆ 300 ಕೋಟಿ, ಸರ್ಕಾರಿ ಅಭಿಯೋಜಕರ ತರಬೇತಿಗೆ 150 ಕೋಟಿ. ಗುಮಾಸ್ತರು, ಬೆರಳಚ್ಚುಗಾರರು, ಸಮನ್ಸ್ ತಲುಪಿಸುವ ಆದೇಶ ಜಾರಿಕಾರರ ತರಬೇತಿಗೆ ಅಂತ ಬೇರೆ ಬಾಬ್ತೇ ಇರಲಿಲ್ಲ. ಜನ ಕೋರ್ಟಿಗೆ ಬಂದರೆ ಮೊದಲು ಮಾತಾಡುವುದು ಇವರ ಹತ್ತಿರ ಅಲ್ವಾ? ಈ ಲೆಕ್ಕ ಓದಿದಾಗ ನನಗೆ ಬೇಜಾರಾಗಿತ್ತು, ಈಗಲೂ ಇದೆ.

*ಮಗಳು ಸಿವಿಲ್ ಜಡ್ಜ್ ಪರೀಕ್ಷೆ ಪಾಸು ಮಾಡಿದ್ದಾಳೆ. ವಯಸ್ಸು 26. ಅಧಿಸೂಚನೆ ಬಂದದ್ದು 2025ರ ಮೇ ತಿಂಗಳಿಗಿಂತ ಮೊದಲು. ನೇರವಾಗಿ ಕೋರ್ಟಿನಲ್ಲಿ ಕೂರಿಸುತ್ತಾರಾ? ಮೂರು ವರ್ಷ ವಕೀಲಿಕೆ ಮಾಡಿರಬೇಕು ಅನ್ನುತ್ತಾರಲ್ಲ, ಅದು ಅವಳಿಗೂ ಅನ್ವಯಿಸುತ್ತಾ? – ಓದುಗರು, ತರೀಕೆರೆ*

ಮೊದಲು ಮಗಳಿಗೆ ಅಭಿನಂದನೆ ಹೇಳಿ. ಭಯ ಬೇಡ. ಮೂರು ವರ್ಷದ ನಿಯಮವನ್ನು ಸುಪ್ರೀಂ ಕೋರ್ಟ್ ಮತ್ತೆ ತಂದದ್ದು 2025ರ ಮೇ 20ರಂದು. ಅದಕ್ಕೂ ಮೊದಲೇ ಶುರುವಾದ ನೇಮಕಾತಿಗೆ ಅದು ಅನ್ವಯಿಸುವುದಿಲ್ಲ ಅಂತ ಅದೇ ತೀರ್ಪಿನಲ್ಲಿ ಹೇಳಿದ್ದಾರೆ.

ಈ ಷರತ್ತು ಹಿಂದೆ ಒಮ್ಮೆ ಹೋದದ್ದರಲ್ಲಿ ನಮ್ಮ ರಾಜ್ಯದವರೊಬ್ಬರ ಹೆಸರಿದೆ. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ನೇತೃತ್ವದಲ್ಲಿ 1996ರಲ್ಲಿ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ರಚನೆಯಾಯಿತು. ಕಾನೂನು ಪದವಿ ಮುಗಿಸಿದ ಬುದ್ಧಿವಂತ ಮಕ್ಕಳು ವಕೀಲಿಕೆ ಅಂತ ಕಾಯಬೇಕಾಗಿಲ್ಲ, ಅವರನ್ನು ತೆಗೆದುಕೊಂಡು ಚೆನ್ನಾಗಿ ತರಬೇತಿ ಕೊಡಿ ಅನ್ನುವುದು ಆಯೋಗದ ಯೋಚನೆ. ಸುಪ್ರೀಂ ಕೋರ್ಟ್ 2002ರ ಮಾರ್ಚ್ 21ರಂದು ಅದನ್ನು ಒಪ್ಪಿ ಮೂರು ವರ್ಷದ ಷರತ್ತು ತೆಗೆಯಿತು. ಹೊಸಬರಿಗೆ ಒಂದು ವರ್ಷಕ್ಕೆ ಕಮ್ಮಿ ಇಲ್ಲದ, ಸಾಧ್ಯವಾದರೆ ಎರಡು ವರ್ಷದ ತರಬೇತಿ ಇರಲಿ ಎಂದಿತು. ಈಗ 2025ರಲ್ಲಿ ಷರತ್ತು ವಾಪಸ್ ಬಂದಿದೆ. ಆದರೆ ನ್ಯಾಯಪೀಠದಲ್ಲಿ ಕೂರುವ ಮೊದಲು ಒಂದು ವರ್ಷ ತರಬೇತಿ ಬೇಕು ಅನ್ನುವುದನ್ನು ಬಿಟ್ಟುಕೊಟ್ಟಿಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ವಕೀಲಿಕೆ ಮಾಡಿದವರಿಗೆ ವಾದ ಗೊತ್ತಿರುತ್ತದೆ. ತೀರ್ಪು ಬರೆಯುವುದು ಬೇರೆಯೇ ಕೆಲಸ, ಅದನ್ನು ಹೊಸದಾಗಿ ಕಲಿಯಬೇಕು.

ಮಗಳು ಅಕಾಡೆಮಿಯಲ್ಲಿ ಪಾಠ ಕೇಳುತ್ತಾಳೆ, ಹಳೆಯ ಕಡತ ಇಟ್ಟುಕೊಂಡು ತೀರ್ಪು ಬರೆದು ಅಭ್ಯಾಸ ಮಾಡುತ್ತಾಳೆ. ನಡುವೆ ಜಿಲ್ಲೆಗಳ ಕೋರ್ಟುಗಳಿಗೂ ಕಳಿಸುತ್ತಾರೆ. ಹಾಗೆ ನಮ್ಮಲ್ಲಿಗೆ ಬಂದ ಪ್ರೊಬೇಷನರ್‌ಗಳಲ್ಲಿ ಒಬ್ಬ ಹುಡುಗಿಯನ್ನು ನಾನು ಮರೆತಿಲ್ಲ. ಎಲ್ಲರೂ ಹಾಲ್‌ನಲ್ಲಿ ಸಾಹೇಬರ ಪಕ್ಕ ಕೂತರೆ ಈಕೆ ನಕಲು ವಿಭಾಗದಲ್ಲಿ ಕೂರುತ್ತೇನೆ ಅಂದಳು. ದೃಢೀಕೃತ ನಕಲು ಸಿಗಲು ಎಲ್ಲಿ ತಡವಾಗುತ್ತದೆ ಅಂತ ಒಂದೊಂದೇ ಅರ್ಜಿ ಹಿಡಿದು ನೋಡಿದಳು. ಕಡತ ಕೋರ್ಟ್ ಹಾಲ್‌ನಿಂದ ನಕಲು ವಿಭಾಗಕ್ಕೆ ಇಳಿದು ಬರುವುದರಲ್ಲೇ ಹೆಚ್ಚು ದಿನ ಹೋಗುತ್ತಿತ್ತು. ಮಗಳಿಗೆ ಹೇಳಿ, ಶಿರಸ್ತೇದಾರ್ ಹತ್ತಿರ, ಸಮನ್ಸ್, ವಾರಂಟ್ ಜಾರಿ ನೋಡುವ ನಾಜರ್ ಹತ್ತಿರ, ರೆಕಾರ್ಡ್ ರೂಮ್‌ನಲ್ಲಿ ಎಲ್ಲ ಕಡೆ ಕೂತು ಬರಲಿ. ಮುಂದೆ ಕೋರ್ಟಿನ ಕಚೇರಿಯನ್ನೂ ಅವಳೇ ನೋಡಿಕೊಳ್ಳಬೇಕು.

*ಜಾಗದ ಕೇಸಿಗೆ ಮೂರು ತಿಂಗಳ ಮೇಲೆ ದಿನಾಂಕ ಬಂದಿತ್ತು. ಹೋದರೆ 'ಸಾಹೇಬರು ಟ್ರೇನಿಂಗ್‌ಗೆ ಹೋಗಿದ್ದಾರೆ' ಅಂತ ಮುಂದಕ್ಕೆ ಹಾಕಿದರು. ಇಷ್ಟು ವರ್ಷ ಸರ್ವಿಸ್ ಆದವರಿಗೆ ಇನ್ನೇನು ತರಬೇತಿ? – ನೊಂದ ಕಕ್ಷಿದಾರ*

ನಿಮ್ಮ ಸಿಟ್ಟು ನ್ಯಾಯವಾದದ್ದು. ತರಬೇತಿಗೆ ಹೋಗುವುದು ಮೊದಲೇ ಗೊತ್ತಿರುತ್ತದೆ. ಆ ದಿನದ ಕೇಸುಗಳ ವಕೀಲರಿಗೆ ಮುಂಚೆಯೇ ತಿಳಿಸಬಹುದು, ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬಹುದು. ಹಾಗೆ ಮಾಡದಿದ್ದರೆ ಅದು ಕಚೇರಿಯ ಲೋಪ. ತುರ್ತು ಅರ್ಜಿ ಇದ್ದರೆ ಪ್ರಭಾರ ನ್ಯಾಯಾಧೀಶರ ಮುಂದೆ ಇಡಲು ನಿಮ್ಮ ವಕೀಲರಿಗೆ ಹೇಳಿ. ಇನ್ನು ಮುಂದೆ ಊರು ಬಿಡುವ ಮೊದಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ದಿನದ ಪಟ್ಟಿ ನೋಡಿಕೊಳ್ಳಿ.

ಆದರೆ ತರಬೇತಿಯೇ ಬೇಡ ಅನ್ನಬೇಡಿ. 2024ರ ಜುಲೈ 1ರಿಂದ ಏನಾಯಿತು ನೋಡಿ. 511 ಕಲಂಗಳಿದ್ದ ಭಾರತೀಯ ದಂಡ ಸಂಹಿತೆ ಹೋಗಿ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಗೆ 302 ಅಂತ ಬಾಯಿಪಾಠ ಆಗಿದ್ದವರು 103 ಅಂತ ಕಲಿಯಬೇಕಾಯಿತು. ವಂಚನೆಯ 420 ಈಗ 318(4). ಹಳೆಯದನ್ನು ಮರೆಯುವ ಹಾಗೂ ಇಲ್ಲ. ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಅಂದರೆ ಇನ್ನೂ ಎಷ್ಟೋ ವರ್ಷ ಒಂದೇ ಮೇಜಿನ ಮೇಲೆ ಎರಡೂ ಪುಸ್ತಕ ಇರಬೇಕು. ಫೋನಿನ ವಿಡಿಯೋ, ವಾಟ್ಸ್‌ಆ್ಯಪ್ ಸಂದೇಶವನ್ನು ಸಾಕ್ಷ್ಯವಾಗಿ ಕೊಡುವಾಗ ಹಿಂದೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕೇಳುತ್ತಿದ್ದೆವು. ಈಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ನಮೂನೆಯಲ್ಲಿ ಎ ಮತ್ತು ಬಿ ಅಂತ ಎರಡು ಭಾಗಗಳಿವೆ. ಒಂದನ್ನು ಸಾಕ್ಷ್ಯ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಇದು ನ್ಯಾಯಾಧೀಶರಿಗೂ ಗೊತ್ತಿರಬೇಕು, ಫೈಲಿಂಗ್ ಕೌಂಟರ್‌ನಲ್ಲಿ ಕೂತವರಿಗೂ ಗೊತ್ತಿರಬೇಕು.

*ಆದೇಶ ಜಾರಿಕಾರ ನಾನು. ಎನ್‌ಸ್ಟೆಪ್ ಅಂತ ಸಮನ್ಸ್ ಜಾರಿಯ ಆ್ಯಪ್ ಇರುವ ಫೋನ್ ಕೊಟ್ಟಿದ್ದಾರೆ. ಫೋಟೊ ತೆಗೆದು ಕಳಿಸಿದರೆ ಸಾಕಲ್ವಾ? ಹಿಂದೆ ಬರೆಯುತ್ತಿದ್ದ ಷರಾ ಇನ್ನೂ ಯಾಕೆ ಕೇಳುತ್ತಾರೆ? – ಓದುಗರು, ಹಾವೇರಿ ಜಿಲ್ಲೆ*

ಸಾಕಾಗುವುದಿಲ್ಲ. ನೀವು ಆ ಜಾಗಕ್ಕೆ ಹೋಗಿದ್ದಿರಿ ಅಂತ ಫೋನಿನ ಜಿಪಿಎಸ್ ಹೇಳುತ್ತದೆ. ಅಲ್ಲಿ ಏನಾಯಿತು ಅನ್ನುವುದನ್ನು ನಿಮ್ಮ ಷರಾ ಹೇಳಬೇಕು. ಸಮನ್ಸ್ ಯಾವಾಗ, ಹೇಗೆ ಜಾರಿ ಮಾಡಿದಿರಿ, ಆ ವ್ಯಕ್ತಿ ಇವರೇ ಅಂತ ಗುರುತಿಸಿದವರ ಹೆಸರು, ವಿಳಾಸ – ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 18ನೇ ನಿಯಮ ಇದನ್ನೆಲ್ಲ ಕೇಳುತ್ತದೆ. ಮನೆಯಲ್ಲಿ ಪ್ರತಿವಾದಿ ಇಲ್ಲ, ಬೇಗ ಸಿಗುವ ಸೂಚನೆಯೂ ಇಲ್ಲ ಅಂದರೆ ಜೊತೆಯಲ್ಲಿ ವಾಸವಿರುವ ವಯಸ್ಕ ಕುಟುಂಬದವರಿಗೆ ಕೊಡಬಹುದು. ಹೆಂಗಸರಿಗೂ ಕೊಡಬಹುದು. 'ಗಂಡಸರು ಯಾರೂ ಇಲ್ಲ' ಅಂತ ಬರೆದು ವಾಪಸ್ ತರುವ ಹಳೆಯ ರೂಢಿ ಬಿಡಿ. ಮನೆಗೆಲಸದವರು ಕುಟುಂಬದವರಲ್ಲ, ಅವರ ಕೈಗೆ ಕೊಡಬೇಡಿ. ಬಾಗಿಲಿಗೆ ಅಂಟಿಸುವುದು ಕೊನೆಯ ದಾರಿ. ಏನೇನು ಪ್ರಯತ್ನ ಮಾಡಿದಿರಿ ಅಂತ ಬರೆಯದೆ ಅಂಟಿಸಿದರೆ ಮುಂದೆ ಪ್ರತಿವಾದಿ ಬಾರದೆ ಆದ ಏಕಪಕ್ಷೀಯ ಡಿಕ್ರಿಯೇ ಬಿದ್ದುಹೋಗಬಹುದು. ನಿಮ್ಮ ಮೂರು ಸಾಲಿನ ಷರಾಕ್ಕೆ ಅಷ್ಟು ತೂಕ ಇದೆ. ನಿಮ್ಮ ಕಡೆಯವರಿಗೆ ಫೋನ್ ಬಳಸುವ ತರಬೇತಿ ಕೊಟ್ಟ ದಿನವೇ ಷರಾ ಬರೆಯುವುದನ್ನೂ ಹೇಳಿಕೊಡಬೇಕು ಅಂತ ನಾನು ಕರೆದಲ್ಲೆಲ್ಲ ಹೇಳುತ್ತಿದ್ದೇನೆ.

*ನ್ಯಾಯಾಧೀಶರು ಎಐ ಬಳಸಬಹುದಾ? – ಕಿರಿಯ ವಕೀಲ, ಮೈಸೂರು*

2025ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ಮುಂದೆ ಬಂದ ಪ್ರಕರಣ ನೀವು ಓದಿರಬಹುದು. ಬೆಂಗಳೂರಿನ ಕೆಳ ನ್ಯಾಯಾಲಯವೊಂದರ ಆದೇಶದಲ್ಲಿ ಆಧಾರವಾಗಿ ಕೊಟ್ಟಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ. ಹೈಕೋರ್ಟ್ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. ತೀರ್ಪಿನ ಹೆಸರು ಎಲ್ಲಿಂದಲೇ ಬರಲಿ, ಎಐ ಕೊಡಲಿ, ವಕೀಲರ ಮೆಮೊದಲ್ಲಿ ಇರಲಿ, ಪೂರ್ತಿ ತೆರೆದು ಓದದೆ ಬಳಸಬಾರದು. ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಹುಡುಕಿ ಓದುವ ಜಾಲತಾಣ ಇ-ಎಸ್‌ಸಿಆರ್ 2023ರಿಂದ ಎಲ್ಲರಿಗೂ ಉಚಿತ. ಹುಡುಕಲು ಎರಡು ನಿಮಿಷ ಸಾಕು. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿ ತಂದಿದೆ. ತೀರ್ಮಾನಕ್ಕೆ ಬರಲು, ತೀರ್ಪು ಕೊಡಲು ಎಐ ಬಳಸುವಂತಿಲ್ಲ, ಬಳಸುವವರು ತರಬೇತಿ ಪಡೆಯಬೇಕು ಅಂತ ಅದರಲ್ಲಿದೆ. ಸ್ಟೆನೋಗಳಿಗೂ ಈ ಪಾಠ ಬೇಕು. ತೀರ್ಪಿನ ಕರಡು ಮೊದಲು ಅವರ ಪರದೆಯ ಮೇಲೇ ಮೂಡುವುದು.

*ಮಗಳು ಪೋಕ್ಸೊ ಕೇಸಿನಲ್ಲಿ ಸಾಕ್ಷಿ ಹೇಳಬೇಕಿತ್ತು. ವರಾಂಡದಲ್ಲಿ ಆರೋಪಿ ಎದುರಿಗೇ ಬೆಂಚಿನ ಮೇಲೆ ಕೂತಿದ್ದ. ಅಟೆಂಡರ್ ಅವಳ ಹೆಸರು ಹಿಡಿದು ಜೋರಾಗಿ ಕೂಗಿದರು. ಅವಳು ನಡುಗಿಹೋದಳು, ಆ ದಿನ ಮಾತೇ ಹೊರಡಲಿಲ್ಲ. ಇವರಿಗೆಲ್ಲ ಯಾರೂ ಹೇಳಿಕೊಡುವುದಿಲ್ವಾ? – ತಾಯಿ, ಹೆಸರು ಬೇಡ*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೀಗೆ ಆಗಬಾರದಿತ್ತು.

ಕಾನೂನು ಬಹಳ ಸ್ಪಷ್ಟವಾಗಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 36ನೇ ಕಲಂ ಪ್ರಕಾರ ಸಾಕ್ಷ್ಯ ಹೇಳುವಾಗ ಮಗು ಆರೋಪಿಗೆ ಎದುರಾಗದ ಹಾಗೆ ನೋಡಿಕೊಳ್ಳಬೇಕು. 33ನೇ ಕಲಂ ಪ್ರಕಾರ ಮಗುವಿಗೆ ನಂಬಿಕೆ ಇರುವವರು ಜೊತೆಯಲ್ಲಿರಬಹುದು, ನಡುವೆ ಬಿಡುವು ಕೊಡಬೇಕು, ಪದೇಪದೇ ಕರೆಸಬಾರದು. ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಕೇಳಬೇಕು. ಮಗುವಿನ ಗುರುತನ್ನೂ ಕಾಪಾಡಬೇಕು. ವರಾಂಡದಲ್ಲಿ ಹೆಸರು ಕೂಗಿದರೆ ಗುರುತು ಉಳಿಯುವುದು ಎಲ್ಲಿಂದ? ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಮಕ್ಕಳಂಥ ದುರ್ಬಲ ಸಾಕ್ಷಿಗಳಿಗೆ ಜಿಲ್ಲೆಗಳಲ್ಲಿ ಪ್ರತ್ಯೇಕ ಸಾಕ್ಷ್ಯ ಕೇಂದ್ರ ಇರಬೇಕು ಎಂದು ಆದೇಶಿಸಿತು. ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿಗೆ ತರಬೇತಿ ರೂಪಿಸುವ ಕೆಲಸವನ್ನೂ ಕೊಟ್ಟಿತು.

ಆದರೆ ತರಬೇತಿ ಅಂದರೆ ನಮ್ಮಲ್ಲಿ ನ್ಯಾಯಾಧೀಶರು, ಅಭಿಯೋಜಕರು ಮೊದಲು ನೆನಪಾಗುತ್ತಾರೆ. ಹೆಸರು ಕೂಗುವ ಅಟೆಂಡರ್, ಬಾಗಿಲಲ್ಲಿ ನಿಲ್ಲುವ ದಫೇದಾರ್, ಆರೋಪಿಯನ್ನು ಕರೆತರುವ ಪೊಲೀಸರು ಕೊನೆಗೆ. ಮಗು ಕೋರ್ಟಿನಲ್ಲಿ ಮೊದಲು ನೋಡುವುದು ಇವರನ್ನೇ. ನಾನು ಪಾಠಕ್ಕೆ ಹೋದಾಗ ಅಟೆಂಡರ್‌ಗಳನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಒಬ್ಬರನ್ನು ಮಗುವಿನ ತಾಯಿ ಅಂತ ಮಾಡಿ ವರಾಂಡದಲ್ಲಿ ನಿಲ್ಲಿಸುತ್ತೇನೆ. ಇನ್ನೊಬ್ಬರು ಹತ್ತಿರ ಹೋಗಿ ಮೆಲ್ಲಗೆ, ಕೇಸ್ ನಂಬರ್ ಮಾತ್ರ ಹೇಳಿ ಕರೆದುಕೊಂಡು ಬರಬೇಕು. ಮೊದಲು ನಗುತ್ತಾರೆ. ಎರಡನೇ ಸಲ ಮಾಡುವಾಗ ಯಾರೂ ನಗುವುದಿಲ್ಲ. ಒಬ್ಬ ಅಟೆಂಡರ್ 'ಇಪ್ಪತ್ತು ವರ್ಷದಿಂದ ಕೂಗ್ತಾ ಇದ್ದೀನಿ ಮೇಡಂ, ಹೀಗೂ ಕರೆಯಬಹುದು ಅಂತ ಯಾರೂ ಹೇಳಿರಲಿಲ್ಲ' ಅಂದರು.

ಈಗ ನೀವು ಮಾಡಬೇಕಾದದ್ದು. ಮುಂದಿನ ದಿನಾಂಕಕ್ಕೆ ಮೊದಲೇ ವಿಶೇಷ ಸರ್ಕಾರಿ ಅಭಿಯೋಜಕರನ್ನು ಕಂಡು, ಬೇರೆ ಕೋಣೆಯಲ್ಲಿ ಕೂರಿಸಲು, ಪರದೆ ಅಥವಾ ವಿಡಿಯೋ ಮೂಲಕ ಸಾಕ್ಷ್ಯ ಪಡೆಯಲು ಅರ್ಜಿ ಹಾಕಿಸಿ. ಹೆಸರು ಕೂಗಬಾರದು ಅನ್ನುವುದನ್ನೂ ಅದರಲ್ಲಿ ಬರೆಸಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದರೆ ಉಚಿತವಾಗಿ ಸಹಾಯ ಮಾಡುತ್ತಾರೆ. ಮಗಳಿಗೆ ನಂಬಿಕೆ ಇರುವವರು ಯಾರು ಅಂತ ಅವಳನ್ನೇ ಕೇಳಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

*ಹೈಕೋರ್ಟ್ ನ್ಯಾಯಮೂರ್ತಿಗಳಿಗೂ ತರಬೇತಿ ಇದೆಯೇ? – ವಿದ್ಯಾರ್ಥಿ, ಕಲಬುರಗಿ*

ಇದೆ. ಭೋಪಾಲ್‌ನ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯಲ್ಲಿ ಅವರಿಗೂ ಕಾರ್ಯಾಗಾರ ನಡೆಯುತ್ತದೆ. ಸಂಸ್ಥೆ ನೋಂದಣಿಯಾದದ್ದು 1993ರಲ್ಲಿ, ಆವರಣವನ್ನು 2002ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು.

*ನಾನೂ ಶಿರಸ್ತೇದಾರ್ ಆಗಿ ನಿವೃತ್ತನಾದವನು. ಮನೆಯಲ್ಲಿ ಸುಮ್ಮನೆ ಕೂತಿದ್ದೇನೆ. ಹೊಸಬರಿಗೆ ಏನಾದರೂ ಹೇಳಿಕೊಡಬಹುದಾ? – ಓದುಗರು, ಚಿತ್ರದುರ್ಗ*

ಖಂಡಿತ ಸಾರ್, ನಿಮ್ಮಂಥವರೇ ಬೇಕು. ನಿಮ್ಮ ಜಿಲ್ಲೆಯ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ವಿಷಯ ಹೇಳಿಕೊಡಬಲ್ಲಿರಿ ಅಂತ ಸ್ಪಷ್ಟವಾಗಿ ಹೇಳಿ. ನನ್ನ ಸಲಹೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ತೆಗೆದುಕೊಳ್ಳಿ. ಡಿಕ್ರಿ ಅಮಲ್ಜಾರಿ, ಅಂದರೆ ಸಿವಿಲ್ ಕೇಸಿನ ತೀರ್ಪನ್ನು ಜಾರಿಗೆ ತರುವ ಕೆಲಸ ಹೊಸಬರಿಗೆ ಎಲ್ಲಕ್ಕಿಂತ ಕಷ್ಟ. ಡಿಕ್ರಿ ಕೈಯಲ್ಲಿ ಹಿಡಿದ ಮೇಲೂ ಜನ ವರ್ಷಗಟ್ಟಲೆ ಓಡಾಡುವುದು ಅಲ್ಲೇ. ಭಾಷಣ ಬೇಡ. ಜಪ್ತಿ ವಾರಂಟ್, ಹರಾಜು ಪ್ರಕಟಣೆ, ಕಬ್ಜಾ ಕೊಡುವ ವಾರಂಟ್, ಈ ಮೂರರ ಖಾಲಿ ನಮೂನೆಗಳನ್ನು ಎಲ್ಲರಿಗೂ ಕೊಟ್ಟು ನಿಮ್ಮೆದುರೇ ತುಂಬಿಸಿ. ಕರ್ನಾಟಕ ಸಿವಿಲ್ ನಿಯಮಾವಳಿ 1967 ಮತ್ತು ಕ್ರಿಮಿನಲ್ ನಿಯಮಾವಳಿ 1968ರ ಪ್ರತಿ ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ. ಹೊಸ ಹುಡುಗರಲ್ಲಿ ಎಷ್ಟೋ ಜನ ಆ ಪುಸ್ತಕಗಳನ್ನು ಕಣ್ಣಿನಿಂದ ನೋಡಿಯೇ ಇರುವುದಿಲ್ಲ.